ರಕ್ಕಸ ಮೆಟ್ಟಿದ ಮನೆ

ಆ ಊರಿನಂಥ ಊರು ಇನ್ನೊಂದಿಲ್ಲ. ಇದ್ದರೆ ತೋರಿಸಿ, ಮೀಸೆ ಬೋಳಿಸಿಕೊಳ್ಳಲು ಅಲ್ಲಿನ ಗಂಡಸರೆಲ್ಲ ತಯಾರು, ನೀರು ಕಾಯಿಸಿ ಕೊಡಲು ಹೆಂಗಸರೆಲ್ಲ ತಯಾರು. ಅಲ್ಲಿ ಕೋರ್ಟಿಲ್ಲ, ಕಚೇರಿಯಿಲ್ಲ, ಅಮೀನನಿಲ್ಲ, ಬಾಗಿಲಿಗೆ ಬೀಗ ಜಡಿಯುವವನಿಲ್ಲ. ಆ ಊರು ಹುಟ್ಟಿದಾಗಿನಿಂದ ಒಬ್ಬ ಮನುಷ್ಯ ಇನ್ನೊಬ್ಬನಿಗೆ 'ನಿನ್ನ ಮನೆ ಬಿಟ್ಟು ಹೋಗು' ಅಂದದ್ದಿಲ್ಲ. ಅಂಥ ಕೆಟ್ಟ ಮಾತು ಅಷ್ಟು ಒಳ್ಳೆಯ ಜನರ ಬಾಯಲ್ಲಿ ಬರುವುದಾದರೂ ಹೇಗೆ? ಆ ಕೆಲಸವನ್ನು ಅವರು ರಕ್ಕಸನಿಗೆ ಬಿಟ್ಟುಬಿಟ್ಟಿದ್ದರು.

ರಕ್ಕಸ ಅಂದರೆ ಹಾದಿಬೀದಿಯ ರಕ್ಕಸ ಅಲ್ಲ. ಜಪಾನಿನ ಸಿನಿಮಾ ರಕ್ಕಸ. ಕಡಲಿನಿಂದ ಎದ್ದು ಬಂದು ಪಟ್ಟಣಗಳನ್ನು ಹಪ್ಪಳದ ಹಾಗೆ ಮುರಿಯುವಂಥದು. ಬೆನ್ನ ತುಂಬ ಗರಗಸದಂಥ ಮುಳ್ಳು, ಬಾಯಿ ತೆರೆದರೆ ಇಟ್ಟಿಗೆ ಗೂಡು. ಅದರ ತಲೆ ಪೇಟೆಬೀದಿಯ ಮೂಲೆ ತಿರುಗಿದಾಗ ಬಾಲ ಇನ್ನೂ ಕಡಲಲ್ಲೇ ಇದ್ದು ಮೀನು ಹಿಡಿಯುತ್ತಿತ್ತು, ಹಿಡಿದದ್ದನ್ನು ದಡದಲ್ಲೇ ಹರಾಜು ಹಾಕುತ್ತಿತ್ತು ಅಂತ ಊರಿನವರು ಹೇಳುತ್ತಾರೆ. ಅದು ಸೀನಿದರೆ ನೆರೆಯೂರಿನಲ್ಲಿ ಒಣಹಾಕಿದ ಪಂಚೆಗಳು ಹಾರಿ ಬಂದು ಇವರ ಅಂಗಳಕ್ಕೆ ಬೀಳುತ್ತಿದ್ದವಂತೆ. ಸುಳ್ಳು ಅನ್ನುವವರು ಬಂದು ನೋಡಬಹುದು, ಆ ಪಂಚೆಗಳನ್ನು ಅವರು ಇನ್ನೂ ಉಡುತ್ತಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ನಿಜವನ್ನೂ ಸ್ವಲ್ಪ ಹೇಳಬೇಕಲ್ಲ. ರಕ್ಕಸ ಒಬ್ಬ ಆಳಿಗಿಂತ ಗೇಣು ಎತ್ತರವಿತ್ತು. ಯಾಕೆಂದರೆ ಅದರೊಳಗೆ ಇದ್ದದ್ದು ಒಬ್ಬ ಆಳೇ. ಅವನನ್ನು ಒಳಗಿನವನು ಅನ್ನೋಣ. ಊರಿನವರಂತೂ ಅವನಿಗೆ ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಹಿಂದೊಮ್ಮೆ ಜಪಾನಿನ ಸಿನಿಮಾದವರು ಆ ಊರಿನ ಕಡಲತಡಿಗೆ ಬಂದಿದ್ದರು. ಮೊಣಕಾಲೆತ್ತರದ ಒಂದು ಪಟ್ಟಣವನ್ನೇ ಮರಳಿನ ಮೇಲೆ ಕಟ್ಟಿದರು. ಬೆಂಕಿಪೊಟ್ಟಣದಷ್ಟು ಕಿಟಕಿ, ಊದುಬತ್ತಿಯಷ್ಟು ದೀಪದ ಕಂಬ, ಕೈಯಲ್ಲಿ ಎತ್ತಿಡಬಹುದಾದ ರೈಲು. ಅವರಲ್ಲೊಬ್ಬ ಮುದುಕ ದಪ್ಪ ರಬ್ಬರಿನ ತೊಗಲು ತೊಟ್ಟು ಆ ಪಟ್ಟಣವನ್ನು ತುಳಿದ. ಅವನ ತೊಗಲಿಗೆ ಬೆನ್ನಿನಲ್ಲಿ ಜಿಪ್ಪು ಹಾಕುತ್ತಿದ್ದವನು ಅಂದಿನ ಹರೆಯದ ಒಳಗಿನವನು. ಮುದುಕ ಅವನಿಗೆ ಒಂದು ವಿದ್ಯೆ ಕಲಿಸಿಕೊಟ್ಟ: ನಿಧಾನವಾಗಿ ನಡೆ. ಹೆಜ್ಜೆ ಎತ್ತಿ, ತಡೆದು, ಇಳಿಸು. ನಿಧಾನವಾಗಿ ಬಂದದ್ದನ್ನೆಲ್ಲ ಜನ ಭಾರವಾದದ್ದು ಅಂದುಕೊಳ್ಳುತ್ತಾರೆ.

ಹೊರಡುವಾಗ ತೊಗಲು ಉಪ್ಪುನೀರು ಕುಡಿದು ಆನೆಮರಿಯಷ್ಟು ತೂಕವಾಗಿತ್ತು. ಹಡಗಿಗೆ ಭಾರ ಎಂದು ಅಲ್ಲೇ ಬಿಟ್ಟರು. ಮುದುಕ ಅದರ ಹಣೆಗೆ ಕೈಯಿಟ್ಟು ಬಹಳ ಹೊತ್ತು ಮಾತಾಡಿದ. ಅವರ ಊರಿನ ಮೇಲೆ ಒಂದು ಬೆಳಗ್ಗೆ ಆಕಾಶದಿಂದ ಬೆಂಕಿ ಬಿತ್ತು, ಗೋಡೆಯ ಮೇಲೆ ನೆರಳು ಉಳಿಯಿತು, ಮನುಷ್ಯರು ಉಳಿಯಲಿಲ್ಲ. ಅಷ್ಟು ದೊಡ್ಡ ಅಳುವಿಗೆ ಒಂದು ಮೈ ಬೇಕಾಗಿತ್ತು, ಈ ರಕ್ಕಸ ಆ ಮೈ. ಇದನ್ನು ಬೇರೆ ಯಾವುದಕ್ಕೂ ತೊಡಬೇಡಿ ಅಂದ. ದುಭಾಷಿ ಊರಿನವರ ಕಡೆ ತಿರುಗಿದ.

"ಜೋಪಾನವಾಗಿ ಇಟ್ಟುಕೊಳ್ಳಬೇಕಂತೆ," ಅಂದ.

ಊರಿನವರು ಜೋಪಾನವಾಗಿಯೇ ಇಟ್ಟುಕೊಂಡರು. ಅವರ ಮೇಲೆ ಆ ತಪ್ಪು ಹೊರಿಸುವಂತಿಲ್ಲ.

ಮರುವರ್ಷ, ಕಡಲು ಇಳಿದು ಮರಳು ಗಟ್ಟಿಯಾದ ಹೊತ್ತಿಗೆ, ಸುಮ್ಮನೆ ತಮಾಷೆಗೆ ಅಂತ ರಕ್ಕಸನ ಆಟ ಕಟ್ಟಿದರು. ಪ್ರತಿ ಮನೆಯವರೂ ತಮ್ಮ ತಮ್ಮ ಮನೆಯ ಗೊಂಬೆಮನೆ ಮಾಡಿ ತಂದು ಮರಳಿನ ಮೇಲೆ ಸಾಲಾಗಿ ಇಟ್ಟರು. ರಕ್ಕಸ ಬಂದು ಕುಂಬಾರನ ಗೊಂಬೆಮನೆ ಮೆಟ್ಟಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಂದ ಮಳೆಗೆ ಕುಂಬಾರನ ನಿಜವಾದ ಮನೆಯ ಗೋಡೆ ಬಿತ್ತು. ಆ ಗೋಡೆ ಅವನ ಅಜ್ಜನ ಕಾಲದಿಂದ ವಾಲಿಕೊಂಡೇ ಇತ್ತು ಅನ್ನುವುದು ಯಾರಿಗೂ ನೆನಪಾಗಲಿಲ್ಲ.

"ನೋಡಿದಿರಾ?" ಅಂದರು ಊರಿನ ಯಜಮಾನರು. ಕಡಲತಡಿಯ ಗೋದಾಮುಗಳೆಲ್ಲ ಅವರದು. "ರಕ್ಕಸ ಮೆಟ್ಟಿದ ಮನೆ ನಿಲ್ಲೋದಿಲ್ಲ. ಅಂಥ ಮನೆಯಲ್ಲಿ ಮನುಷ್ಯರು ಇರಬಾರದು."

ಅಲ್ಲಿಂದ ಅದು ಕಟ್ಟಳೆಯಾಯಿತು. ವರ್ಷಕ್ಕೊಮ್ಮೆ ರಕ್ಕಸ ಬರಬೇಕು. ಒಂದು ಗೊಂಬೆಮನೆ ಮೆಟ್ಟಬೇಕು. ಆ ಮನೆಯವರು ರಕ್ಕಸನ ಪಾದಕ್ಕೆ ನೀರು ಹಾಕಿ, ಕಡಲು ಮತ್ತೆ ಏರುವ ಮೊದಲು ಗಂಟುಮೂಟೆ ಕಟ್ಟಿ ಉಪ್ಪಿನ ಬಯಲಿನ ಆಚೆ ಹೋಗಬೇಕು. ಖಾಲಿಯಾದ ಜಾಗ ಕೆಟ್ಟದ್ದು. ಅದನ್ನು ನೋಡಿಕೊಳ್ಳುವ ಧೈರ್ಯ ಯಾರಿಗಿದೆ? ಪಾಪ, ಯಜಮಾನರೇ ಅಲ್ಲೊಂದು ಗೋದಾಮು ಕಟ್ಟಿ ಆ ಕಂಟಕವನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದರು. ಅಂಥ ತ್ಯಾಗಿಗಳು ಈಗ ಎಲ್ಲಿ ಸಿಗುತ್ತಾರೆ?

ಮೆಟ್ಟಿದ ಕೂಡಲೇ ಯಜಮಾನರು ಎದ್ದು ನಿಂತು ಕೇಳಬೇಕು:

"ಯಾರು ಮೆಟ್ಟಿದ್ದು?"

"ರಕ್ಕಸ ಮೆಟ್ಟಿದ್ದು!" ಅಂತ ಊರು ಕೂಗಬೇಕು.

"ಒಳಗೆ ಯಾರು?"

"ಒಳಗೆ ಯಾರೂ ಇಲ್ಲ!"

ಹಾಗೆ ಕೂಗುವಾಗ ಯಾರೂ ನಗುತ್ತಿರಲಿಲ್ಲ. ಒಳಗೆ ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಆಟದ ದಿನ ಬೆಳಗ್ಗೆ ಒಳಗಿನವನು ಯಜಮಾನರ ಗೋದಾಮಿನ ಹಿಂಬದಿಗೆ ಹೋಗುತ್ತಿದ್ದ. ಅವನ ಅಕ್ಕ, ಮೀನು ಒಣಗಿಸಿ ಮಾರುವವಳು, ಬೇಕಂತಲೇ ಬೀದಿಯಲ್ಲಿ ನಿಂತು, "ನನ್ನ ತಮ್ಮನನ್ನ ಯಾರಾದರೂ ಕಂಡಿರಾ? ಇವತ್ತೇ ಎಲ್ಲಿ ಹಾಳಾಗಿ ಹೋದನೋ," ಅಂತ ವಿಚಾರಿಸುತ್ತಿದ್ದಳು. "ಇಲ್ಲಮ್ಮ, ಕಾಣಲಿಲ್ಲ," ಅಂತ ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅಷ್ಟು ಸಂಸ್ಕಾರವಂತ ಜನ.

ತೊಗಲಿನ ಜಿಪ್ಪು ಬೆನ್ನಿನಲ್ಲಿ. ಒಳಗಿದ್ದವನ ಕೈಗೆ ಅದು ಎಟುಕುವುದಿಲ್ಲ. ಹಾಕಲು, ತೆಗೆಯಲು ಹೊರಗೊಬ್ಬ ಬೇಕು. ಅವನು ಬೆನ್ನಿನವನು. ಜಿಪ್ಪು ಎಳೆಯುವ ಮುನ್ನ ಬೆನ್ನಿನವನು ಒಳಗಿನವನ ಕಿವಿಯಲ್ಲಿ ಆ ವರ್ಷ ಮೆಟ್ಟಬೇಕಾದ ಮನೆ ಯಾವುದು ಅಂತ ಹೇಳುತ್ತಿದ್ದ. ಯಜಮಾನರು ಹೇಳಿದ್ದನ್ನು ಅವನು ಹೇಳುತ್ತಿದ್ದ. ಅವನು ಹೇಳಿದ್ದನ್ನು ಇವನು ಮೆಟ್ಟುತ್ತಿದ್ದ.

"ನಾನು ಬರೀ ಬೆನ್ನು," ಅನ್ನುತ್ತಿದ್ದ ಬೆನ್ನಿನವನು.

"ನಾನು ಬರೀ ಕಾಲು," ಅನ್ನುತ್ತಿದ್ದ ಒಳಗಿನವನು. ಹಾಗಂದುಕೊಂಡು ವರ್ಷಗಟ್ಟಲೆ ಇಬ್ಬರೂ ಊಟ ಮಾಡಿ, ಎಲೆಯಡಿಕೆ ಹಾಕಿ, ಸುಖವಾಗಿ ನಿದ್ದೆ ಮಾಡಿದರು. ಕುಂಬಾರ ಹೋದ, ಬಡಗಿ ಹೋದ, ಬಲೆ ಹೆಣೆಯುವವಳು ಹೋದಳು. ಹೋದವರೆಲ್ಲ ಮರುವರ್ಷ ಆಟ ನೋಡಲು ಉಪ್ಪಿನ ಬಯಲು ದಾಟಿ ಬರುತ್ತಿದ್ದರು. ಅವರಿಗಾಗಿ ಮುಂದಿನ ಸಾಲಿನಲ್ಲಿ ಜಾಗ ಬಿಡುವ ಪದ್ಧತಿ ಇತ್ತು. ಅಂಥ ಮರ್ಯಾದೆ ಬೇರೆ ಯಾವ ಊರಿನಲ್ಲಿ?

ಆ ವರ್ಷ ಆಟದ ಹಿಂದಿನ ದಿನ ಒಳಗಿನವನು ಅಕ್ಕನ ಮನೆಗೆ ಊಟಕ್ಕೆ ಹೋದ. ಅಕ್ಕ ಜಗಲಿಯಲ್ಲಿ ಕೂತು ಗೊಂಬೆಮನೆಗೆ ಕೊನೆಯ ಕೈ ಹಚ್ಚುತ್ತಿದ್ದಳು. ತೆಂಗಿನ ಗರಿಯ ಕಡ್ಡಿಯಿಂದ ಕಿಟಕಿ, ಮೇಲೆ ಚಿಪ್ಪಿನ ಚೂರು ಹೊದಿಸಿದ ಮಾಡು, ಅಂಗಳದಲ್ಲಿ ಉಗುರಿನಷ್ಟು ಚಾಪೆ, ಚಾಪೆಯ ಮೇಲೆ ಅಕ್ಕಿ ನುಚ್ಚಿನ ಮೀನು.

"ಏನು ನೋಡ್ತೀಯೋ? ಹೇಗಿದೆ ಹೇಳು."

"ನಿನ್ನ ನಿಜವಾದ ಮನೆಗಿಂತ ಚೆನ್ನಾಗಿದೆ."

"ಇದರ ಮಾಡು ಸೋರೋದಿಲ್ಲ ನೋಡು, ಅದಕ್ಕೆ." ಅವಳು ಬಟ್ಟೆ ಒಣಹಾಕುವ ತಂತಿಯಂತೆ ಕಟ್ಟಿದ ದಾರದ ಮೇಲೆ ಒಂದು ಕೆಂಪು ಚಿಂದಿ ನೇತುಹಾಕಿದಳು. "ಇದು ನನ್ನ ಸೀರೆ. ನಾಳೆ ರಕ್ಕಸ ಹೋಗೋವಾಗ ಬಾಲ ಸ್ವಲ್ಪ ಆ ಕಡೆ ತಿರುಗಿಸಿಕೊಂಡು ಹೋಗಲಿ ಅಂತ ರಕ್ಕಸನ ಪರಿಚಯ ಇದ್ದವರು ಯಾರಾದರೂ ಹೇಳಿ."

"ನನಗೆ ಪರಿಚಯ ಇಲ್ಲಪ್ಪ," ಅಂದ ಒಳಗಿನವನು. ಇಬ್ಬರೂ ನಕ್ಕರು. ಅನ್ನಕ್ಕೆ ಮೀನಿನ ಸಾರು ಹಾಕಿಸಿಕೊಳ್ಳುತ್ತ ಅವನು ಕೇಳಿದ, "ಆ ಬಲೆ ಹೆಣೆಯುವವಳು ಈಗ ಹೇಗಿದ್ದಾಳಂತೆ?"

"ಬಯಲಾಚೆ ಸೋಗೆಯ ಗುಡಿಸಲು ಕಟ್ಟಿಕೊಂಡಿದ್ದಾಳಂತೆ. ಏನು ಮಾಡೋದು ಹೇಳು. ಅಷ್ಟು ಮನೆಗಳ ನಡುವೆ ರಕ್ಕಸ ಅವಳದ್ದನ್ನೇ ಮೆಟ್ಟಬೇಕಾದರೆ ಅವಳಲ್ಲೇ ಏನೋ ಐಬು ಇದ್ದಿರಬೇಕಲ್ವಾ?"

"ನಿನ್ನದನ್ನ ಮೆಟ್ಟಿದರೆ?"

ಅಕ್ಕ ಸೌಟು ಹಿಡಿದ ಕೈಯಿಂದಲೇ ಗಾಳಿಯಲ್ಲಿ ಅವನ ತಲೆಗೆ ಒಂದು ಮೊಟಕಿದಳು. "ನಾಲಿಗೆ ಬಿದ್ದು ಹೋಗ! ನಾನು ಯಾರಿಗೆ ಏನು ಮಾಡಿದ್ದೀನಿ? ಉಣ್ಣು ಸುಮ್ಮನೆ."

ಮರುದಿನ ಗೋದಾಮಿನ ಹಿಂದೆ ಅವನು ತೊಗಲಿನೊಳಗೆ ಕಾಲಿಟ್ಟ. ಬೆನ್ನಿನವನು ಜಿಪ್ಪಿನ ತುದಿ ಹಿಡಿದ. ಆಮೇಲೆ ಕಿವಿಗೆ ಬಾಯಿಟ್ಟ.

"ಮೀನು ಒಣಗಿಸುವವಳ ಮನೆ."

"ಯಾವ ಮೀನು ಒಣಗಿಸುವವಳು?"

"ಊರಿನಲ್ಲಿ ಎಷ್ಟು ಜನ ಇದ್ದಾರೆ ಮಾರಾಯ?"

"ಅದು ನನ್ನ ಅಕ್ಕನ ಮನೆ."

"ಹೌದಂತೆ. ಯಜಮಾನರಿಗೂ ಭಾಳ ಬೇಜಾರಂತೆ. ರಾತ್ರಿ ಊಟ ಸೇರಲಿಲ್ಲವಂತೆ. ಆದರೆ ಗೋದಾಮಿಗೆ ಗಾಡಿ ಹೋಗೋ ದಾರಿ ಆಗಬೇಕಲ್ಲ, ಅವಳ ಅಂಗಳ ಸರಿಯಾಗಿ ನಡುವಿಗೇ ಬರುತ್ತೆ."

"ನನ್ನಿಂದ ಆಗೋದಿಲ್ಲ."

"ನಿನ್ನಿಂದ ಆಗಬೇಕು ಅಂದವರು ಯಾರು? ಮೆಟ್ಟೋದು ರಕ್ಕಸ," ಅಂದು ಬೆನ್ನಿನವನು ಸರಕ್ಕನೆ ಜಿಪ್ಪು ಎಳೆದ.

ಇನ್ನು ಕೂಗಿಯೂ ಪ್ರಯೋಜನವಿರಲಿಲ್ಲ. ರಕ್ಕಸನ ಕೊರಳಲ್ಲಿ ತಗಡಿನ ಕೊಳವೆ, ಕೊಳವೆಯ ತುದಿಗೆ ಬಿಗಿದ ಚರ್ಮ. ಒಳಗಿನಿಂದ ಏನು ಹೇಳಿದರೂ ಹೊರಗೆ ಅದು ಘರ್ಜನೆ. 'ಬಿಡ್ರೋ' ಅಂದರೂ ಘರ್ಜನೆ, 'ಅಮ್ಮಾ' ಅಂದರೂ ಘರ್ಜನೆ. ಅವನು ಎರಡನ್ನೂ ಅಂದ. ಹೊರಗೆ ಜನ, "ಆಹಾ, ಈ ವರ್ಷ ಗಂಟಲು ಚೆನ್ನಾಗಿ ಪಳಗಿದೆ," ಅಂದರು.

ರಕ್ಕಸ ನಡೆಯಿತು. ಹೆಜ್ಜೆ ಎತ್ತಿತು, ತಡೆಯಿತು, ಇಳಿಸಿತು. ಹೆಜ್ಜೆ ಎತ್ತಿತು, ತಡೆಯಿತು, ಇಳಿಸಿತು. "ಬಂತಪ್ಪೋ ಬಂತು! ಓಡ್ರೋ ಓಡ್ರೋ!" ಅಂತ ಜನ ಕೂಗುತ್ತ ನಿಂತಲ್ಲೇ ಓಡಿದರು, ಹಾಗೆ ಓಡುವುದೂ ಪದ್ಧತಿ. ರಕ್ಕಸನಾಕಾರದ ಬೆಲ್ಲದಚ್ಚು ಮಾರುವವನು ಕೂಗುತ್ತ ಕೂಗುತ್ತಲೇ ಚಿಲ್ಲರೆ ಕೊಡುತ್ತಿದ್ದ. ಕಣ್ಣಿನ ತೂತುಗಳಿಂದ ಒಳಗಿನವನಿಗೆ ಗೊಂಬೆಮನೆಗಳ ಸಾಲು ಕಾಣುತ್ತಿತ್ತು. ಅಕ್ಕನ ಚಿಪ್ಪಿನ ಮಾಡು ಬಿಸಿಲಿಗೆ ಮಿಂಚುತ್ತಿತ್ತು. ಕೆಂಪು ಚಿಂದಿ ಗಾಳಿಗೆ ಆಡುತ್ತಿತ್ತು. ಅದರ ಹಿಂದೆ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು, ಹುಸಿಭಯದಲ್ಲಿ ಕಣ್ಣರಳಿಸಿ, ನಗು ತಡೆಯುತ್ತ ನಿಂತಿದ್ದಳು.

ರಕ್ಕಸ ಅಲ್ಲಿ ನಿಂತಿತು. ಕಾಲು ಎತ್ತಿತು. ಅಕ್ಕನ ಮುಖದ ನಗು ಹೋಯಿತು. ಕಾಲು ಗಾಳಿಯಲ್ಲಿ ತಡೆಯಿತು, ಎಂದಿಗಿಂತ ಹೆಚ್ಚು ಹೊತ್ತು ತಡೆಯಿತು. ಆಮೇಲೆ ಅದು ಇಳಿದದ್ದು ಪಕ್ಕದ ಬರಿಮರಳಿನ ಮೇಲೆ. ರಕ್ಕಸ ಸಾಲು ದಾಟಿತು. ಸಾಲಿನ ತುದಿಯಲ್ಲಿ ಮೆತ್ತೆಯ ಮೇಲಿಟ್ಟಿದ್ದ, ಅಭ್ರಕ ಅಂಟಿಸಿದ, ಮಹಡಿಯ ಮೇಲೆ ಮಹಡಿಯಿದ್ದ ಗೊಂಬೆಮನೆಯ ಹತ್ತಿರ ಹೋಯಿತು. ಕಾಲೆತ್ತಿ, ತಡೆದು, ಇಳಿಸಿತು.

ಯಜಮಾನರ ಮನೆ ಹಪ್ಪಳದ ಹಾಗೆ ಮುರಿಯಿತು.

ನಿಂತಲ್ಲೇ ಓಡುತ್ತಿದ್ದವರು ನಿಂತರು. ಬೆಲ್ಲದಚ್ಚಿನವನ ಕೈಯಿಂದ ಚಿಲ್ಲರೆ ಉದುರಿತು. ಯಜಮಾನರು ಮಾತ್ರ ಗಾಬರಿಯಾಗಲಿಲ್ಲ. ಎದ್ದರು, ಶಲ್ಯ ಸರಿಮಾಡಿಕೊಂಡರು.

"ನಮ್ಮಲ್ಲಿ ಕಟ್ಟಳೆ ಎಲ್ಲರಿಗೂ ಒಂದೇ," ಅಂದರು. "ರಕ್ಕಸ ಮೆಟ್ಟಿದ್ದರೆ ನಾನೂ ಗಂಟು ಕಟ್ಟುತ್ತೇನೆ. ಕೇಳಿಯೇ ಬಿಡೋಣ. ಯಾರು ಮೆಟ್ಟಿದ್ದು?"

"ರಕ್ಕಸ ಮೆಟ್ಟಿದ್ದು!" ಅಂತ ಊರು ಕೂಗಿತು. ಅಭ್ಯಾಸಬಲ. ಕೂಗಿದ ಮೇಲೆ ತಾವೇ ಕೂಗಿದ್ದು ಕೇಳಿಸಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಬಲೆ ಹೆಣೆಯುವವಳು ಎದ್ದು ನಿಂತಳು. ಇನ್ನೊಂದೇ ಉತ್ತರ ಉಳಿದಿತ್ತು. ಅದನ್ನೂ ಎಂದಿನ ಹಾಗೆ ಕೂಗಿದ್ದರೆ ಯಜಮಾನರು ಉಪ್ಪಿನ ಬಯಲು ದಾಟಬೇಕಿತ್ತು. ತೊಗಲಿನೊಳಗೆ ಒಳಗಿನವನು ಬೆವರಿನಲ್ಲಿ ನಿಂತು ಆ ಕೂಗಿಗಾಗಿ ಕಾದ.

"ಒಳಗೆ ಯಾರು?" ಅಂತ ಕೇಳಿದರು ಯಜಮಾನರು, ಮಗುವಿಗೆ ತಿಂಡಿ ಬೇಕಾ ಅಂತ ಕೇಳುವಷ್ಟು ಮೆಲ್ಲಗೆ.

ಕೂಗಲು ಬಾಯಿ ತೆರೆದವರೂ ಅವರನ್ನು ನೋಡಿ ಮುಚ್ಚಿಕೊಂಡರು. ಯಜಮಾನರು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು. ಅಕ್ಕನ ಮುಖದ ಹತ್ತಿರ ಬಂದಾಗ ಅಕ್ಕ ತಡೆದುಕೊಳ್ಳಲಾರದೆ ಓಡಿ ಬಂದು ಅವರ ಕಾಲು ಹಿಡಿದಳು.

"ನನ್ನ ತಮ್ಮ ಯಜಮಾನ್ರೇ! ಬೇಕಂತ ಮಾಡಿದ್ದಲ್ಲ, ಕಾಲು ಜಾರಿರಬೇಕು. ನಿನ್ನೆ ನಮ್ಮ ಮನೆಯಲ್ಲಿ ಸಾರು ಜಾಸ್ತಿ ಹಾಕಿಸಿಕೊಂಡ, ಹೊಟ್ಟೆ ಕೆಟ್ಟಿರಬೇಕು. ಹೊಟ್ಟೆಗೆ ಹಾಕಿಕೊಳ್ಳಿ, ನನಗಿರೋನು ಅವನೊಬ್ಬನೇ."

ರಕ್ಕಸ ಘರ್ಜಿಸಿತು. ಬೇಡ ಅಕ್ಕ, ಬೇಡ ಅಕ್ಕ, ಅಂದದ್ದು ಅದು.

"ತಮ್ಮನಾ!" ಅಂದರು ಯಜಮಾನರು, ದೊಡ್ಡ ಆಶ್ಚರ್ಯದಿಂದ. "ಮನುಷ್ಯನಾ ಒಳಗಿರೋದು! ತೆಗೀರಪ್ಪ ಜಿಪ್ಪು."

ಬೆನ್ನಿನವನು ಜಿಪ್ಪು ತೆಗೆದ. ಒಳಗಿನಿಂದ ಬಂದದ್ದು ಒದ್ದೆ ಬನಿಯನ್ನಿನ, ನರಪೇತಲ, ಕಣ್ಣು ಕಿರಿದು ಮಾಡುತ್ತಿದ್ದ ಒಬ್ಬ ನಡುವಯಸ್ಸಿನವನು. ಅಷ್ಟು ದೊಡ್ಡ ಭಯದೊಳಗಿಂದ ಅಷ್ಟು ಸಣ್ಣದು ಬಂದದ್ದು ನೋಡಿ ಒಂದಿಬ್ಬರು ನಕ್ಕೂಬಿಟ್ಟರು.

"ಪ್ರತಿವರ್ಷ ಇವರೇ ಹೇಳಿ ಕಳಿಸ್ತಿದ್ದರು!" ಅಂತ ಅವನು ಕೂಗಿದ. ಈಗ ಅದು ಘರ್ಜನೆಯಾಗಿರಲಿಲ್ಲ, ಮಾತಾಗಿತ್ತು. ಆದ್ದರಿಂದಲೇ ಸಣ್ಣಗೆ ಕೇಳಿತು. "ಯಾರ ಮನೆ ಮೆಟ್ಟಬೇಕು ಅಂತ ಇವರೇ ಹೇಳ್ತಿದ್ದರು. ಈ ವರ್ಷ ನನ್ನ ಅಕ್ಕಂದು ಅಂದರು. ಕೇಳಿ ಬೇಕಾದರೆ ಇವನನ್ನ."

ಬೆನ್ನಿನವನು ಆಕಾಶ ನೋಡಿದ.

ಬಲೆ ಹೆಣೆಯುವವಳು ಮರಳು ದಾಟಿ ಅವನ ಮುಂದೆ ಬಂದು ನಿಂತಳು. "ಹಾಗಾದರೆ ನನ್ನ ಮನೆ ಮೆಟ್ಟಿದ್ದು ನೀನಾ?"

"ಹೇಳಿದ್ದು ಅವರು."

"ಕಾಲು ಯಾರದು?"

ಅವನು ತಲೆ ತಗ್ಗಿಸಿದ. "ಕಾಲು ನನ್ನದು."

"ಆ ಕಾಲಿಗೆ ನಾನು ನೀರು ಹಾಕಿದ್ದೆನಲ್ಲೋ," ಅಂದಳು ಅವಳು. ಬಗ್ಗಿ ಒದ್ದೆಮರಳು ತೆಗೆದು ಅವನ ಮುಖಕ್ಕೆ ಎರಚಿದಳು. ಕುಂಬಾರನೂ ಬಡಗಿಯೂ ಬಂದರು. ರಕ್ಕಸನ ಮೇಲೆ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ, ಯಜಮಾನರ ಮೇಲೆ ಮಾಡಿಕೊಳ್ಳುವ ಧೈರ್ಯವಿರಲಿಲ್ಲ. ಅಷ್ಟು ವರ್ಷ ಕೂಡಿಟ್ಟ ಸಿಟ್ಟಿಗೆ ಕೊನೆಗೂ ಕೈಗೆಟುಕುವ ಒಂದು ಮೈ ಸಿಕ್ಕಿತ್ತು. ಹೊಡೆತಗಳನ್ನು ತಿನ್ನುತ್ತ ಅವನು ಕೈ ಅಡ್ಡ ಹಿಡಿಯಲಿಲ್ಲ.

"ಬಿಡಿ, ಬಿಡಿ," ಅಂತ ಬಿಡಿಸಿದವರು ಯಜಮಾನರೇ. "ಮನುಷ್ಯ ಅಂದಮೇಲೆ ತಪ್ಪು ಮಾಡ್ತಾನೆ. ಅದಕ್ಕೇ ತಾನೇ ನಮಗೆ ರಕ್ಕಸ ಬೇಕಾಗಿರೋದು." ಅವರು ಕೈಚಪ್ಪಾಳೆ ತಟ್ಟಿದರು. "ಸಿನಿಮಾದವರು ಏನು ಮಾಡ್ತಿದ್ದರು ನೆನಪಿದೆಯಾ? ಕೆಟ್ಟರೆ ಇನ್ನೊಂದು ಟೇಕ್. ನಾವೂ ಹಾಗೇ ಮಾಡೋಣ. ಇದು ಲೆಕ್ಕಕ್ಕಿಲ್ಲ."

ಇದು ಲೆಕ್ಕಕ್ಕಿಲ್ಲ ಅಂದಾಗ ಊರಿಗೆಲ್ಲ ಉಸಿರು ಬಂತು. ಅಭ್ರಕದ ಗೊಂಬೆಮನೆಗೆ ಅಂಟು ಹಾಕಿ ನಿಲ್ಲಿಸಿದರು. ಬೆನ್ನಿನವನು ಎಲ್ಲರೆದುರಿಗೇ ಅಂಗಿ ಬಿಚ್ಚಿ, ಇನ್ನೂ ಬೆಚ್ಚಗಿದ್ದ ತೊಗಲಿನೊಳಗೆ ಇಳಿದ. ಜಿಪ್ಪು ಹಾಕುವವರು ಯಾರು ಅಂತ ಪ್ರಶ್ನೆ ಬಂತು.

"ಗೊತ್ತಿದ್ದವನೇ ಹಾಕಲಿ," ಅಂದರು ಯಜಮಾನರು.

ಒಳಗಿನವನು ಕದಲಲಿಲ್ಲ. ಅಕ್ಕ ಬಂದು ಅವನ ತೋಳು ಹಿಡಿದಳು. "ಹಾಕಿಬಿಡೋ. ಇಷ್ಟಕ್ಕೇ ಮುಗಿಯಲಿ. ಯಜಮಾನರು ದೊಡ್ಡ ಮನಸ್ಸು ಮಾಡಿದ್ದಾರೆ, ಮತ್ತೆ ಕೆಡಿಸಬೇಡ."

ಅವನು ಜಿಪ್ಪು ಹಿಡಿದು ಬೆನ್ನಿನವನ ಕಿವಿಗೆ ಬಾಯಿಟ್ಟ. "ಅಕ್ಕನ ಮನೆ ಬೇಡ ಮಾರಾಯ. ನಿನಗೆ ಕೈ ಮುಗೀತೀನಿ."

"ನನಗೆ ಹೇಳಬೇಡ," ಅಂದ ಬೆನ್ನಿನವನು ಒಳಗಿನಿಂದ. "ನಾನೀಗ ಕಾಲು."

ಜಿಪ್ಪು ಬಿತ್ತು. ಹೊಸ ರಕ್ಕಸನಿಗೆ ನಡೆಯಲೇ ಬರುತ್ತಿರಲಿಲ್ಲ. ಅಡುಗೆಮನೆಗೆ ನುಗ್ಗಿದ ಕೋಳಿಯ ಹಾಗೆ ದುಡುದುಡು ಓಡಿತು, ತನ್ನ ಬಾಲವನ್ನು ತಾನೇ ತುಳಿದು ಮುಗ್ಗರಿಸಿತು. ಆದರೂ ಜನ ಹಿಂದೆಂದೂ ಕೂಗದಷ್ಟು ಜೋರಾಗಿ "ಬಂತಪ್ಪೋ ಬಂತು" ಅಂತ ಕೂಗಿದರು. ಹಿಂದೆಂದೂ ಓಡದಷ್ಟು ಜೋರಾಗಿ ನಿಂತಲ್ಲೇ ಓಡಿದರು. ಒಬ್ಬಿಬ್ಬರಿಗೆ ನಿಜವಾಗಿಯೂ ಮೂರ್ಛೆ ಬಂತು. ರಕ್ಕಸ ಚಿಪ್ಪಿನ ಮಾಡಿನ ಮೇಲೆ ಕಾಲಿಟ್ಟಿತು. ಒಂದು ಸಲಕ್ಕೆ ಮುರಿಯಲಿಲ್ಲ, ಗಟ್ಟಿಯಾಗಿ ಮಾಡಿದ್ದಳು. ಮತ್ತೆ ಮತ್ತೆ ಮೆಟ್ಟಬೇಕಾಯಿತು.

"ಯಾರು ಮೆಟ್ಟಿದ್ದು?"

"ರಕ್ಕಸ ಮೆಟ್ಟಿದ್ದು!"

"ಒಳಗೆ ಯಾರು?"

ಅರೆಗಳಿಗೆಯ ಹಿಂದೆ ಬೆನ್ನಿನವನ ಅಂಗಿಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಿದ್ದ ಬೆಲ್ಲದಚ್ಚಿನವನೂ ಸೇರಿದಂತೆ ಊರಿಗೆ ಊರೇ ಕೂಗಿತು. ಬಲೆ ಹೆಣೆಯುವವಳು ಕೂಗಿದಳು. ಅಕ್ಕನೂ ಕೂಗಿದಳು, ಉತ್ತರ ತಪ್ಪಲಿಲ್ಲ. ಆಮೇಲೆ ಚೊಂಬು ತಂದು ರಬ್ಬರಿನ ಪಾದಕ್ಕೆ ನೀರು ಹಾಕಿ ಕಣ್ಣಿಗೆ ಒತ್ತಿಕೊಂಡಳು.

ಮಧ್ಯಾಹ್ನ ಕಡಲು ಏರುವ ಮೊದಲು ಅವಳು ಮನೆ ಖಾಲಿ ಮಾಡಿದಳು. ಪಾತ್ರೆಗಳನ್ನು ಸೀರೆಯಲ್ಲಿ ಕಟ್ಟಿ ತಲೆಯ ಮೇಲಿಟ್ಟುಕೊಂಡಳು. ಉಳಿದದ್ದು ಮಂಚ. ಒಬ್ಬರಿಂದ ಎತ್ತಲಾಗದ್ದು. ಒಳಗಿನವನು ಕೇಳದೆ ಬಂದು ಇನ್ನೊಂದು ತುದಿ ಹಿಡಿದ. ಅವಳು ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಉಪ್ಪಿನ ಬಯಲಿನ ದಾರಿ ಹಿಡಿದರು. ಅಕ್ಕ ಮುಂದೆ, ಅವನು ಹಿಂದೆ, ನಡುವೆ ಮಂಚ. ಅವನ ತುಟಿ ಒಡೆದು ಊದಿಕೊಂಡಿತ್ತು.

"ಅಕ್ಕ," ಅಂದ ಅವನು, ಊರು ಹಿಂದೆ ಬಿದ್ದ ಮೇಲೆ. "ಅವರು ಮೊದಲೇ ನಿನ್ನ ಮನೆ ಅಂತ ಹೇಳಿದ್ದರು. ಸತ್ಯವಾಗಿಯೂ. ನಿನ್ನನ್ನ ಉಳಿಸೋಣ ಅಂತ..."

ಅಕ್ಕ ತಿರುಗಲಿಲ್ಲ. ಅವಳ ತಲೆಯ ಮೇಲಿನ ಗಂಟಿನಲ್ಲಿ ತಟ್ಟೆಗಳು ಸದ್ದು ಮಾಡುತ್ತಿದ್ದವು.

"ನೀನು ಹೇಳೋದನ್ನ ನಂಬಲೋ, ನಾನು ಕಣ್ಣಾರೆ ಕಂಡದ್ದನ್ನ ನಂಬಲೋ? ಮೊದಲ ಸಲ ಅದು ನನ್ನ ಮನೆ ಬಿಟ್ಟು ಹೋಗಿತ್ತು. ಬಿಟ್ಟು ಹೋಗಿತ್ತೋ ಇಲ್ಲವೋ? ನೀನು ಅಲ್ಲಿಗೆ ಹೋಗಿ ಯಜಮಾನರದ್ದು ಮೆಟ್ಟಿ ರಕ್ಕಸನಿಗೆ ಸಿಟ್ಟು ತರಿಸಿದೆ. ನಿನ್ನಷ್ಟಕ್ಕೆ ನೀನು ಸರಿಯಾಗಿ ನಡೆದಿದ್ದರೆ ಅದು ಬೇರೆ ಯಾರ ಮನೆಗೋ ಹೋಗ್ತಿತ್ತು."

ಅವನು ಬಾಯಿ ತೆರೆದ. ತಗಡಿನ ಕೊಳವೆ ಇರಲಿಲ್ಲ, ಚರ್ಮ ಇರಲಿಲ್ಲ, ಬಯಲಿನಲ್ಲಿ ಕೇಳಿಸಿಕೊಳ್ಳಲು ಅವಳೊಬ್ಬಳೇ ಇದ್ದಳು.

"ಸ್ವಲ್ಪ ಎತ್ತಿ ಹಿಡಿಯೋ," ಅಂದಳು ಅಕ್ಕ. "ಮಂಚದ ಕಾಲು ಕೆಸರಿನಲ್ಲಿ ಎಳೀತಿದೆ."

ಅವನು ಎತ್ತಿ ಹಿಡಿದ.